ಇಬ್ಬರಿಗೂ ಬಾರದ ಭಾಷೆ

ಜೇಬಾ ಜಪಾನಿ ಕಲಿಯುತ್ತಿದ್ದಾಳೆಂದು ಗೊತ್ತಾದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಜಪಾನಿಗಿ ಹೋಗ್ತೀರೇನು?" ಇಲ್ಲ ಎಂದರೆ ಮುಂದಿನದು: "ಮತ್ತ್ಯಾಕ?" ಇಷ್ಟ, ಅದಕ್ಕೇ ಎಂದರೆ ಜನ ನಂಬುತ್ತಿರಲಿಲ್ಲ. ಏನೋ ಮುಚ್ಚಿಡುತ್ತಿದ್ದಾಳೆ ಎಂಬಂತೆ ನೋಡುತ್ತಿದ್ದರು.

ಅವಳ ಅಪ್ಪ ಇಮ್ರಾನ ಬೀದರಿನ ಹಳೇ ಊರಿನವನು. ಹರೆಯದಲ್ಲೇ ತುರ್ಕಿಗೆ ಹೋಗಿ ಬುರ್ಸಾ ನಗರದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಮಗ್ಗಗಳ ರಿಪೇರಿ ಕೆಲಸಕ್ಕೆ ಸೇರಿದ. ಅಲ್ಲಿಯ ಎಮಿನೆ ಎಂಬ ಹುಡುಗಿಯನ್ನು ಮದುವೆಯಾಗಿ ಅಲ್ಲೇ ನೆಲೆ ನಿಂತ. ಜೇಬಾ ಹುಟ್ಟಿದ್ದು, ಶಾಲೆ ಕಲಿತದ್ದು ಬುರ್ಸಾದಲ್ಲೇ. ಕಾರ್ಖಾನೆ ಮುಚ್ಚಿದ ಮೇಲೆ ಇಮ್ರಾನ ಹೆಂಡತಿ ಮಗಳನ್ನು ಕಟ್ಟಿಕೊಂಡು ಊರಿಗೆ ಮರಳಿ, ಬೀದರಿನ ಪಕ್ಕದ ಕೊಳಾರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಹಿಡಿದ. ಆಗ ಜೇಬಾಗೆ ಹದಿನೇಳು ವರ್ಷ. ಮನೆಯಲ್ಲಿ ಅಪ್ಪ ಅಮ್ಮನ ಜೊತೆ ತುರ್ಕಿ ಭಾಷೆ, ಕಾಲೇಜಿನ ಪಾಠದಲ್ಲಿ ಇಂಗ್ಲಿಷು, ಅಜ್ಜಿ ಬಿಸ್ಮಿಲ್ಲಾಬೀ ಜೊತೆ ಮುರುಕು ದಖನಿ ಉರ್ದು. ಕನ್ನಡದ ಗೋಜಿಗೇ ಹೋಗಲಿಲ್ಲ. ಬೀದರಿನಲ್ಲಿ ದಖನಿಯೊಂದಿದ್ದರೆ ಬಾಳುವೆ ನಡೆದುಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರು.

ನಡೆಯುತ್ತಿತ್ತು, ಆದರೆ ಸುಲಭವಾಗಿ ಅಲ್ಲ. ಅವಳ ದಖನಿಯಲ್ಲಿ ಗಂಡು ಹೆಣ್ಣಾಗುತ್ತಿತ್ತು, ಹೆಣ್ಣು ಗಂಡಾಗುತ್ತಿತ್ತು. ತುರ್ಕಿಯಲ್ಲಿ ಆ ಭೇದವೇ ಇಲ್ಲ. ಗಲ್ಲಿಯ ಹೆಂಗಸರು ಅವಳು ಬಾಯಿ ತೆರೆದರೆ ಸಾಕು, ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಪ್ರೀತಿಯಿಂದಲೇ ನಗುತ್ತಿದ್ದರು, ಅದು ಅವಳಿಗೂ ಗೊತ್ತಿತ್ತು. ಆದರೂ ಬರಬರುತ್ತ ಅವಳು ಮಾತನ್ನು ಅರ್ಧಕ್ಕೇ ನುಂಗಿಕೊಳ್ಳುವುದನ್ನು ಕಲಿತಳು.

ಜಪಾನಿ ಹುಚ್ಚು ಹಿಡಿದದ್ದು ಬುರ್ಸಾದಲ್ಲಿದ್ದಾಗ. ಅಪ್ಪನ ಕಾರ್ಖಾನೆಯ ಮಗ್ಗಗಳು ಜಪಾನಿನವು. ಅವುಗಳ ಮೈಮೇಲೆ ತಗಡಿನ ಪಟ್ಟಿಗಳಲ್ಲಿ ಏನೇನೋ ಅಕ್ಷರ. ಸಣ್ಣವಳಾಗಿದ್ದಾಗ ಒಂದನ್ನು ತೋರಿಸಿ ಏನಿದು ಎಂದು ಕೇಳಿದ್ದಳು. "ಕೈ ಹಾಕಬೇಡ ಅಂತ ಬರೆದಿದೆ" ಎಂದಿದ್ದ ಇಮ್ರಾನ. ನಿನಗೆ ಓದಲು ಬರುತ್ತದೆಯೇ ಎಂದರೆ, ಬರುವುದಿಲ್ಲ, ಯಾರೋ ಹೇಳಿದ್ದು ಎಂದ. ಯಾರೋ ಹೇಳಿದ್ದನ್ನು ನಂಬುವ ಜಾತಿಯಲ್ಲ ಜೇಬಾ. ತುರ್ಕಿ ಭಾಷೆಯಲ್ಲಿ ಬರೆದ ಒಂದು ಜಪಾನಿ ಪಠ್ಯಪುಸ್ತಕ ಸಂಪಾದಿಸಿದಳು. ಬೀದರಿಗೆ ಬರುವಾಗ ಚಳಿಗಾಲದ ಕೋಟು ಬಿಟ್ಟು ಆ ಪುಸ್ತಕವನ್ನೇ ಪೆಟ್ಟಿಗೆಗೆ ತುರುಕಿದಳು.

ಬೀದರಿಗೆ ಬಂದ ಮೊದಲ ವರ್ಷವೇ ಪುಣೆಗೆ ಹೋಗಿ ಜಪಾನಿಯ ನಾಲ್ಕನೇ ಹಂತದ ಪರೀಕ್ಷೆ ಬರೆದು ಫೇಲಾದಳು. ಐದನೆಯದು ಎಲ್ಲಕ್ಕಿಂತ ಕೆಳಗಿನ ಹಂತ, ಅದನ್ನು ತುರ್ಕಿಯಲ್ಲೇ ದಾಟಿದ್ದಳು. ಈ ಸಲ ಕೈಕೊಟ್ಟದ್ದು ಕೇಳಿ ಅರ್ಥಮಾಡಿಕೊಳ್ಳುವ ಭಾಗ. ಪುಸ್ತಕವೊಂದು ಬಿಟ್ಟರೆ ಅವಳ ಜೊತೆ ಜಪಾನಿ ಮಾತಾಡುವವರು ಯಾರೂ ಇರಲಿಲ್ಲವಲ್ಲ. ಮಾತಾಡುವವರು ಸಿಗದಿದ್ದರೆ ತಾನೇ ಒಬ್ಬರನ್ನು ತಯಾರು ಮಾಡಬೇಕು ಎಂದು ತೀರ್ಮಾನಿಸಿದಳು.

ಬೀದರಿನ ನೌಬಾದದ ಕಾಲೇಜಿನಲ್ಲಿ ತನ್ನ ತರಗತಿಯ ಒಬ್ಬೊಬ್ಬರನ್ನೇ ಕೇಳುತ್ತ ಹೋದಳು. ಕೊನೆಗೆ ಬಂದವಳು ಆಮ್ರಪಾಲಿ ಒಬ್ಬಳೇ. ದಿನಾ ಭಾಲ್ಕಿಯಿಂದ ಬಂದುಹೋಗುವ ಹುಡುಗಿ. ತಾಯಿ ಮಹಾಮಾಯಾ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ನಿನಗೇಕೆ ಜಪಾನಿ ಎಂದು ಈ ಸಲ ಜೇಬಾಳೇ ಕೇಳಬೇಕಾಯಿತು. ಆಮ್ರಪಾಲಿ ಹಿಂದಿಯಲ್ಲಿ ಹೇಳಿದಳು: "ಮರಾಠಿ, ಹಿಂದಿ, ಇಂಗ್ಲಿಷು, ಎಲ್ಲ ಯಾರೋ ಕಲಿ ಅಂದದ್ದಕ್ಕೆ ಕಲಿತೆ. ಯಾರೂ ಕಲಿ ಅನ್ನದ್ದು ಒಂದಾದರೂ ನನಗೆ ಬೇಕು."

ಕಾಲೇಜಿನ ಬೇವಿನ ಮರದ ಕೆಳಗೆ ಇಬ್ಬರೂ ಒಂದು ಕರಾರು ಮಾಡಿಕೊಂಡರು. ಇಲ್ಲಿ ಕೂತಿರುವಷ್ಟು ಹೊತ್ತು ಜಪಾನಿ ಬಿಟ್ಟು ಬೇರೆ ಮಾತಿಲ್ಲ. ಹಿಂದಿಯಲ್ಲಿ ಆಮ್ರಪಾಲಿ ಜೋರು, ಜೇಬಾ ತೊದಲು. ಇಂಗ್ಲಿಷಿನಲ್ಲಿ ಇಬ್ಬರಿಗೂ ನಾಚಿಕೆ. ಜಪಾನಿಯಲ್ಲಾದರೆ ಇಬ್ಬರೂ ಬಡವರೇ. ಪುಸ್ತಕ ಕಲಿಸಿದ ಶಬ್ದಗಳಲ್ಲೇ ಸಂಸಾರ ಸಾಗಿಸಬೇಕಾದ್ದರಿಂದ, ಆ ಮರದ ಕೆಳಗೆ ಆಮ್ರಪಾಲಿಯ ಅಮ್ಮ ದಿನಾ ಮೀನು ತಿಂದಳು, ಜೇಬಾಳ ಅಪ್ಪ ಟೋಕಿಯೋದಲ್ಲಿ ಕೊಡೆ ಮರೆತುಬಂದ, ಬಿಸ್ಮಿಲ್ಲಾಬೀ ಪ್ರತಿ ಭಾನುವಾರ ಈಜಲು ಹೋದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಬೀದರಿಗೆ ಬಂದ ಮೇಲೆ ಜೇಬಾ ಮಾತನ್ನು ಅರ್ಧಕ್ಕೆ ನುಂಗದೆ ಪೂರ್ತಿ ಆಡುತ್ತಿದ್ದದ್ದು ಅಲ್ಲೊಂದೇ ಕಡೆ. ಪುಣೆ ಪರೀಕ್ಷೆಗೆ ಇಬ್ಬರೂ ಹೆಸರು ಕೊಟ್ಟರು. ಜೇಬಾ ಮತ್ತೆ ನಾಲ್ಕನೇ ಹಂತಕ್ಕೆ, ಆಮ್ರಪಾಲಿ ಐದಕ್ಕೆ.

ನವೆಂಬರಿನಲ್ಲಿ ಕಾಲೇಜಿನ ಸಾಂಸ್ಕೃತಿಕ ದಿನ ಬಂತು. ಇಬ್ಬರೂ ಜಪಾನಿಯಲ್ಲಿ ಒಂದು ಸಣ್ಣ ಸಂಭಾಷಣೆ ಮಾಡುತ್ತೇವೆಂದು ಜೇಬಾ ಹೋಗಿ ಒಪ್ಪಿಕೊಂಡುಬಂದಳು. ಸಭಾಂಗಣ ತುಂಬಿತ್ತು. ಆಮ್ರಪಾಲಿಯ ಸರದಿಯಲ್ಲಿ 'ನಾನು ಬೀದರಿನಲ್ಲಿ ಓದುತ್ತೇನೆ' ಎಂಬ ಮಾತು ಬಂತು. ಬೀದರಿನ ಮುಂದೆ 'ಅಲ್ಲಿ' ಎಂಬುದಕ್ಕೆ 'ದೆ' ಎನ್ನಬೇಕಾದಲ್ಲಿ ಅವಳು ಅಂಥದೇ ಅರ್ಥದ ಇನ್ನೊಂದು ಪ್ರತ್ಯಯ ಹಾಕಿ 'ನಿ' ಎಂದಳು. ಅಲ್ಲಿದ್ದ ಯಾರಿಗೂ ಅದು ತಪ್ಪೆಂದು ತಿಳಿಯುವ ಸಂಭವವೇ ಇರಲಿಲ್ಲ. ಆದರೆ ಜೇಬಾಳ ಬಾಯಿ ಸುಮ್ಮನಿರಲಿಲ್ಲ. ಮೈಕು ಹಿಡಿದೇ ಹೇಳಿದಳು: "ನಿ ಅಲ್ಲ, ದೆ."

ಆಮ್ರಪಾಲಿ ಗಲಿಬಿಲಿಗೊಂಡು ಮತ್ತೆ 'ನಿ' ಎಂದಳು. "ದೆ" ಎಂದಳು ಜೇಬಾ, ಇನ್ನೂ ಗಟ್ಟಿಯಾಗಿ. ಹಿಂದಿನ ಸಾಲಿನಿಂದ ಯಾರೋ "ದೇ ದೇ, ಕೊಟ್ಟುಬಿಡು!" ಎಂದು ಅದನ್ನು ಹಿಂದಿಯ 'ಕೊಡು' ಮಾಡಿ ಕೂಗಿದ. ಸಭಾಂಗಣವೆಲ್ಲ ಗೊಳ್ಳೆಂದಿತು. ಆಮ್ರಪಾಲಿ ಮೈಕನ್ನು ಮೇಜಿನ ಮೇಲಿಟ್ಟು ವೇದಿಕೆ ಇಳಿದು ಹೋದಳು.

ಮರುದಿನ, ಅಂಚಿನಲ್ಲಿ ಇಂಗ್ಲಿಷ್ ಅರ್ಥ ಬರೆದು ಆಮ್ರಪಾಲಿಗೆ ಓದಲು ಕೊಟ್ಟಿದ್ದ ಜಪಾನಿ ಪುಸ್ತಕ ಜೇಬಾಳ ಬೆಂಚಿನ ಮೇಲಿತ್ತು. ಆಮೇಲೆ ಆಮ್ರಪಾಲಿ ಕಾಲೇಜಿಗೇ ಬರಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್.

ಮೊದಮೊದಲು ಜೇಬಾಗೆ ಸಿಟ್ಟೇ ಬಂದಿತ್ತು. ತಪ್ಪನ್ನು ತಪ್ಪು ಎನ್ನಬಾರದೇ? ಎಮಿನೆಯ ಎದುರು ಅದನ್ನೇ ವಾದಿಸಿದಳು. ಎಮಿನೆ ಕೇಳಿಸಿಕೊಂಡು, "ನೀನು ಹೇಳುವುದು ಸರಿ" ಎಂದಷ್ಟೇ ಹೇಳಿ ಒಗೆಯುವ ಬಟ್ಟೆ ಎತ್ತಿಕೊಂಡು ಹೋದಳು. ಅಮ್ಮ ಇಷ್ಟು ಬೇಗ ಒಪ್ಪಿಕೊಂಡರೆ ಅದು ಒಪ್ಪಿಗೆಯಲ್ಲ ಎಂದು ಜೇಬಾಗೆ ಗೊತ್ತಿತ್ತು.

ಶನಿವಾರ ಹಾಲು ತರಲು ಗಲ್ಲಿಯ ತುದಿಯಲ್ಲಿರುವ ಬದ್ರೋದ್ದೀನನ ಅಂಗಡಿಗೆ ಹೋದಳು. ಹಾಲು ಬಂದಿದೆಯೇ ಎಂದು ಕೇಳುವಾಗ, ದಖನಿಯಲ್ಲಿ ಗಂಡಾದ ಹಾಲನ್ನು ಹೆಣ್ಣು ಮಾಡಿಬಿಟ್ಟಳು. ಬದ್ರೋದ್ದೀನ ಒಳ್ಳೆಯವನೇ. ನಗುತ್ತ ಆ ಮಾತನ್ನು ಹಾಗೇ ರಾಗ ಎಳೆದು ಪಕ್ಕದಲ್ಲಿ ನಿಂತವರಿಗೆ ಹೇಳಿ ತೋರಿಸಿದ. ಅವರೂ ನಕ್ಕರು. ಜೇಬಾಳ ಕಿವಿ ಕಾದವು. ಹಾಲು ತೆಗೆದುಕೊಳ್ಳದೆ ಹಾಗೇ ಹೊರಟವಳು ಅರ್ಧ ಗಲ್ಲಿಯಲ್ಲಿ ನಿಂತುಬಿಟ್ಟಳು. ದಿನಾ ತನಗಾಗುವುದನ್ನೇ ತಾನು ಮೈಕು ಹಿಡಿದು ಇನ್ನೊಬ್ಬಳಿಗೆ ಮಾಡಿದ್ದಳು. ಅದೂ ತನ್ನ ಎದುರು ಬಾಯಿ ಬಿಚ್ಚಿ ತಪ್ಪು ಮಾತಾಡುವ ಧೈರ್ಯವಿದ್ದ ಒಬ್ಬಳೇ ಒಬ್ಬಳಿಗೆ.

ಭಾನುವಾರ ಬೆಳಗ್ಗೆ ಚಹಾ ಕುಡಿದು, ಭಾಲ್ಕಿಗೆ ಹೋಗಿಬರುತ್ತೇನೆ ಎಂದಳು.

"ಅಕೇಲಿ?" ಬಿಸ್ಮಿಲ್ಲಾಬೀ ಅಡಕೊತ್ತು ಕೆಳಗಿಟ್ಟಳು. "ಕಾಯ್ಕು?" ಒಬ್ಬಳೇ ಹೋಗುವುದೇಕೆ ಎಂದು ಅವಳಿಗೆ ಚಿಂತೆ.

"ಗಲತಿ ಹುವಾ, ದಾದಿ" ಎಂದಳು ಜೇಬಾ, ತಪ್ಪಾಗಿದೆ ಎಂಬರ್ಥದಲ್ಲಿ.

"ಹುವಾ ನೈ, ಹುಯಿ" ಎಂದು ಅಜ್ಜಿ ಆ ತಪ್ಪನ್ನು ಗಂಡಿನಿಂದ ಹೆಣ್ಣಿಗೆ ತಿದ್ದಿದಳು. ತಿದ್ದಿ, ಬಸ್ಸಿನಲ್ಲಿ ತಿನ್ನಲು ಎರಡು ರೊಟ್ಟಿ ಸುತ್ತಿಕೊಟ್ಟಳು.

ಭಾಲ್ಕಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನರ್ಸ್ ಬಾಯಿಯ ಮನೆ ಎಂದರೆ ಎಲ್ಲರೂ ಬೆರಳು ತೋರಿಸಿದರು. ಮಹಾಮಾಯಾ ಬಿಳಿ ಕೋಟು ಕೈಯಲ್ಲಿ ಹಿಡಿದು ಡ್ಯೂಟಿಗೆ ಹೊರಡುವ ಅವಸರದಲ್ಲಿದ್ದಳು. ಬಾಗಿಲಲ್ಲಿ ನಿಂತ ಹುಡುಗಿಯನ್ನು ಅಡಿಯಿಂದ ಮುಡಿತನಕ ನೋಡಿದಳು.

"ನೀನೇ ಏನು ಆ ಜಪಾನಿ ಹುಡುಗಿ?" ಎಂದವಳು, ಇವಳಿಗೆ ಕನ್ನಡ ಬಾರದೆಂದು ತಿಳಿದು ಹಿಂದಿಗೆ ತಿರುಗಿದಳು. ಆಮ್ರಪಾಲಿ ಇಲ್ಲ, ಔರಾದಿನಲ್ಲಿರುವ ಅಜ್ಜಿಯ ಮನೆಗೆ ಹೋಗಿದ್ದಾಳೆ. ಯಾವಾಗ ಬರುತ್ತಾಳೋ ಗೊತ್ತಿಲ್ಲ. ಸ್ಟೇಜಿನ ಸುದ್ದಿ ಮನೆಯಲ್ಲಿ ಹೇಳಿದ್ದಾಳೆ. ಇಷ್ಟು ಹೇಳಿ ಮಹಾಮಾಯಾ ಬೀಗ ಹಾಕಿದಳು. ಎರಡು ಹೆಜ್ಜೆ ಹೋದವಳು ತಿರುಗಿ, "ಔರಾದಿನಲ್ಲಿ ಸಂತೆ ಹತ್ತಿರ ಕೌಸಲ್ಯಾಬಾಯಿ ಮನೆ ಅಂತ ಕೇಳು" ಎಂದಳು.

ಜೇಬಾ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ರೊಟ್ಟಿ ಬಿಚ್ಚಿದಳು. ವಾಪಸು ಬೀದರಿಗೆ ಹೋಗುವ ಬಸ್ಸು ಎದುರೇ ನಿಂತಿತ್ತು. ಅಷ್ಟು ದೂರ ಬಂದದ್ದಾಯಿತು, ಸಿಗಲಿಲ್ಲ, ಮುಂದಿನ ವಾರ ನೋಡೋಣ ಎಂದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆ ಬಸ್ಸು ಹೊರಟುಹೋಗುವುದನ್ನು ನೋಡಿದಳು. ಅಮ್ಮನಿಗೆ ಫೋನು ಮಾಡಿ, ಔರಾದಿಗೆ ಹೋಗುತ್ತಿದ್ದೇನೆ, ಬರುವುದು ಸಂಜೆಯಾಗುತ್ತದೆ ಎಂದಳು.

ಔರಾದಿನ ಬಸ್ಸು ಬಂದಾಗ ಮಧ್ಯಾಹ್ನವಾಗಿತ್ತು. ಕಂಡಕ್ಟರ್ ಹಣಮಂತ ಅವಳ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟು ಹರಿದುಕೊಟ್ಟ. ಬಸ್ಸಿನಲ್ಲಿ ಜನ ಕಡಿಮೆ. ಅವನು ಟಿಕೆಟು ಮುಗಿಸಿ ಮುಂದೆ ಬಂದು ಕೂತಾಗ ಜೇಬಾ ತನ್ನ ಮುರುಕು ದಖನಿಯಲ್ಲಿ ಕೇಳಿದಳು: ತಪ್ಪು ನನ್ನದು ಎಂದು ಹೇಳಲು ಬಂದಿದ್ದೇನೆ, ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ?

ಹಣಮಂತ ನಗಲಿಲ್ಲ. ಯಾರ ಹತ್ತಿರ ಹೇಳಬೇಕು ಎಂದು ವಿಚಾರಿಸಿದ. ಗೆಳತಿ ಎಂದಾಗ, "ಹಂಗಾದ್ರ ಸಲೀಸ್ ಅದ" ಎಂದು ನಿಧಾನವಾಗಿ ಹೇಳಿಕೊಟ್ಟ: "ತಪ್ಪು ನಂದು ಅಂತ ಹೇಳ್ಲಾಕ ಬಂದೀನಿ."

ಒಂದೊಂದು ಶಬ್ದಕ್ಕೂ ಅರ್ಥ ಕೇಳಿದಳು. ಅವನು ಹೇಳುತ್ತ ಹೋದ. ಕೇಳುತ್ತ ಕೇಳುತ್ತ ಅವಳು ಸೀಟಿನಲ್ಲಿ ನೆಟ್ಟಗೆ ಕೂತಳು. ತನ್ನ ತುರ್ಕಿಯಲ್ಲಿ ಇದನ್ನು ಹೇಗೆ ಹೇಳುವುದು? ಹಾತಾ ಬೆನಿಮ್ ದಿಯೆ ಸೊಯ್ಲೆಮೆಯೆ ಗೆಲ್ದಿಮ್. ತಪ್ಪು, ನಂದು, ಅಂತ, ಹೇಳ್ಲಾಕ, ಬಂದೀನಿ. ಒಂದು ಶಬ್ದವೂ ಜಾಗ ಬಿಟ್ಟು ಕದಲಿರಲಿಲ್ಲ. ಜಪಾನಿಯಲ್ಲಿ? ವತಾಶಿ ಗಾ ವಾರುಇ ತೊ ಇಇನಿ ಕಿಮಾಶಿತಾ. ಅಲ್ಲೂ ಬಂದದ್ದು ಕೊನೆಗೆ, ಹೇಳುವುದು ಅದರ ಹಿಂದೆ, 'ಅಂತ' ಎಂಬುದು ಅದೇ ಜಾಗದಲ್ಲಿ, ಪುಟ್ಟ 'ತೊ' ಆಗಿ. ಇಂಗ್ಲಿಷಿನಲ್ಲಿ ತಲೆಕೆಳಗಾಗುವ ಮಾತು ಈ ಮೂರರಲ್ಲೂ ಒಂದೇ ದಾರಿ ಹಿಡಿದು ಬರುತ್ತಿತ್ತು. ಒಂದೂವರೆ ವರ್ಷ ಈ ಊರಲ್ಲಿದ್ದೂ, ಪಕ್ಕದಲ್ಲಿ ಕೂತವಳ ಮನೆಮಾತು ತನ್ನ ಮನೆಮಾತಿಗೆ ಇಷ್ಟು ಹತ್ತಿರವಿದೆಯೆಂದು ಒಮ್ಮೆಯಾದರೂ ಕೇಳಿ ನೋಡಿರಲಿಲ್ಲ. ಕಿಟಕಿಯಾಚೆ ತೊಗರಿ ಹೊಲಗಳು ಹಳದಿ ಹೂ ಹೊತ್ತು ಓಡುತ್ತಿದ್ದವು. ಜೇಬಾ ಔರಾದು ಬರುವ ತನಕ ಆ ಒಂದು ವಾಕ್ಯವನ್ನೇ ಬಾಯಲ್ಲಿ ತಿರುವುತ್ತ ಕೂತಳು.

ಕೌಸಲ್ಯಾಬಾಯಿ ಅಂಗಳದ ಹೊರಸಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಕಣ್ಣಿನ ಪೊರೆ ತೆಗೆಸಿಕೊಂಡು ಒಂದು ವಾರವೂ ಆಗಿರಲಿಲ್ಲ. ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿ, "ಯಾರಬೇ?" ಎಂದಳು.

ಜೇಬಾ ಹೇಳಿದಳು: "ತಪ್ಪು ನಂದು ಅಂತ ಹೇಳ್ಲಾಕ ಬಂದೀನಿ."

ಮುದುಕಿಗೆ ಗಾಬರಿಯಾಯಿತು. "ಯಾರಿಗಿ? ನನಗೇನು ಮಾಡೀದಿ ತಾಯಿ ನೀ?" ಎಂದಳು. ಇದಕ್ಕೆ ಹಣಮಂತ ಏನೂ ಹೇಳಿಕೊಟ್ಟಿರಲಿಲ್ಲ. ಜೇಬಾ ತಡವರಿಸುತ್ತ, "ಆಮ್ರಪಾಲಿ" ಎಂದಳು. ಕೌಸಲ್ಯಾಬಾಯಿ, "ಬಾ, ಇಲ್ಲಿ ಕುಂದ್ರು" ಎಂದು ಹೊರಸಿನ ಮೇಲೆ ಕೈ ತಟ್ಟಿದಳು. ಆಮೇಲೆ ಒಳಗೆ ಕೂಗಿದಳು: "ಆಮ್ರಾ, ನಿನ್ನ ಸಾಲಿ ಹುಡುಗಿ ಬಂದಾಳ ನೋಡು."

ಆಮ್ರಪಾಲಿ ಕಣ್ಣಿನ ಹನಿಗಳ ಸೀಸೆ ಹಿಡಿದು ಹೊಸ್ತಿಲಲ್ಲಿ ಬಂದು ನಿಂತಳು. ಮುಖದಲ್ಲಿ ನಗುವಿರಲಿಲ್ಲ. ಮೊದಲು ಅಜ್ಜಿಯ ತಲೆ ಹಿಂದಕ್ಕೆ ಬಾಗಿಸಿ ಔಷಧ ಹಾಕಿದಳು. ನಂತರ ಹಿಂದಿಯಲ್ಲಿ ಹೇಳಿದಳು: "ನಿನ್ನ ಸಲುವಾಗಿ ಕಾಲೇಜು ಬಿಟ್ಟೆ ಅಂದುಕೊಂಡೆಯಾ? ಅಜ್ಜಿಗೆ ಹೊತ್ತುಹೊತ್ತಿಗೆ ಔಷಧ ಹಾಕಬೇಕು, ಅದಕ್ಕೆ ಬಂದೆ. ನನ್ನ ಫೋನು ಬಿದ್ದು ಒಡೆದಿದೆ."

ಜೇಬಾಳ ಮುಖ ಸಣ್ಣದಾಯಿತು. ನಿನ್ನೆಯಿಂದ ಎಲ್ಲವೂ ತನ್ನಿಂದಲೇ ಆಯಿತೆಂದು ಕೊರಗಿದ್ದಳು.

"ಆದರೆ ಸಿಟ್ಟು ಬಂದದ್ದು ಖರೆ" ಎಂದಳು ಆಮ್ರಪಾಲಿ. "ಈಗಲೂ ಇದೆ."

ಜೇಬಾ ಎದ್ದು ನಿಂತು ಆ ವಾಕ್ಯವನ್ನು ಮತ್ತೊಮ್ಮೆ ಹೇಳಿದಳು, ಈ ಸಲ ಹೇಳಬೇಕಾದವಳಿಗೆ. ಅವಳ ಬಾಯಲ್ಲಿ ಕನ್ನಡ ಕೇಳಿ ಆಮ್ರಪಾಲಿಯ ಹುಬ್ಬು ಮೇಲೇರಿತು. ಮುಂದಿನದನ್ನು ಜೇಬಾ ಜಪಾನಿಯಲ್ಲಿ ಹೇಳಿದಳು, ಗೊತ್ತಿರುವ ಶಬ್ದಗಳಲ್ಲೇ ತಡೆತಡೆದು: ತುರ್ಕಿಯಲ್ಲಿ 'ಬೀದರಿನಲ್ಲಿ' ಎನ್ನುವುದಕ್ಕೆ 'ಬೀದರ್ ದಾ', 'ಮನೆಯಲ್ಲಿ' ಎನ್ನುವುದಕ್ಕೆ 'ಎವ್ ದೆ'. ಜಪಾನಿಯ 'ದೆ' ನನಗೆ ಹುಟ್ಟಿನಿಂದಲೇ ಬಾಯಲ್ಲಿತ್ತು, ಕಷ್ಟಪಟ್ಟು ಕಲಿತದ್ದಲ್ಲ. 'ನಿ' ಬೇಕಾದಲ್ಲೂ ನಾನು ಒಂದು ವರ್ಷ 'ದೆ' ಎಂದೇ ಹೇಳುತ್ತಿದ್ದೆ. ತಿದ್ದುವವರು ಯಾರೂ ಇರಲಿಲ್ಲ, ನಗುವವರೂ ಇರಲಿಲ್ಲ.

ಆಮ್ರಪಾಲಿ ಪೂರ್ತಿ ಕೇಳಿದಳು. "ಒಂದು ಕರಾರು" ಎಂದಳು ಹಿಂದಿಯಲ್ಲಿ. "ಇನ್ನು ಮುಂದೆ ಮರದ ಕೆಳಗೆ ಅರ್ಧ ಹೊತ್ತು ಜಪಾನಿ, ಅರ್ಧ ಹೊತ್ತು ಕನ್ನಡ. ನೀನೂ ತಪ್ಪು ಮಾಡಬೇಕು. ನಾನು ತಿದ್ದುತ್ತೇನೆ. ನಾಲ್ಕು ಜನ ಇದ್ದರೂ ನೀನು ಬಾಯಿ ಮುಚ್ಚಬಾರದು."

"ಹೌದು" ಎಂದಳು ಜೇಬಾ ಜಪಾನಿಯಲ್ಲಿ.

"ಹೂಂ ಅನ್ನು."

"ಹೂಂ."

ಅಷ್ಟು ಹೊತ್ತು ಇದೇನೆಂದು ಕಿವಿಗೊಟ್ಟು ಕೂತಿದ್ದ ಕೌಸಲ್ಯಾಬಾಯಿಗೆ ತಡೆಯಲಾಗಲಿಲ್ಲ. "ಯಾವ ಮಾತಬೇ ಅದು, ಕಿಲಿಕಿಲಿ ಅಂತದ?" ಎಂದು ಕೇಳಿದಳು. ಆಮ್ರಪಾಲಿ ಜಪಾನಿ ಎಂದಳು. ಮಳೆ ಸಪ್ಪಳಕ್ಕೆ ಅವರು ಏನನ್ನುತ್ತಾರೆ ಎಂದಳು ಅಜ್ಜಿ. ಆಮ್ರಪಾಲಿ ಅದನ್ನು ಜೇಬಾಗೆ ತಿಳಿಸಿ, ಇಬ್ಬರೂ ಸೇರಿ ಹೇಳಿದರು: ಜೋರು ಮಳೆ 'ಜಾ ಜಾ' ಎಂದು ಸುರಿಯುತ್ತದೆ, ಎದೆ 'ದೊಕಿ ದೊಕಿ' ಎನ್ನುತ್ತದೆ, ನಕ್ಷತ್ರ 'ಕಿರಾ ಕಿರಾ' ಎಂದು ಹೊಳೆಯುತ್ತದೆ. ಮುದುಕಿ ಒಂದೊಂದಕ್ಕೂ ತನ್ನದನ್ನು ಎದುರಿಟ್ಟಳು: ಧೋ ಧೋ, ಢವ ಢವ, ಮಿಣ ಮಿಣ. ಜೇಬಾ ತುರ್ಕಿಯದನ್ನು ಸೇರಿಸಿದಳು. ಎದೆಗೆ ಅಲ್ಲಿ 'ಕುತ್ ಕುತ್'. ಹಿಟ್ಟು ಕುದಿಯುವುದಕ್ಕೆ, ಬಳೆ ಸಪ್ಪಳಕ್ಕೆ, ಹೊಟ್ಟೆ ಹಸಿದದ್ದಕ್ಕೆ ಹೀಗೆ ಬೆಳೆಯುತ್ತಲೇ ಹೋಯಿತು. ಹಸಿವಿಗೆ ಬಂದಾಗ ಕೌಸಲ್ಯಾಬಾಯಿ ಆಟ ನಿಲ್ಲಿಸಿ, "ಮೊದಲ ಈಕಿಗಿ ಊಟಕ್ಕ ಹಾಕು" ಎಂದಳು. ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಜೇಬಾ ಬೀದರಿನ ಬಸ್ಸು ಹಿಡಿದಳು. ಆಮ್ರಪಾಲಿ ಬಸ್ ಸ್ಟ್ಯಾಂಡಿನ ತನಕ ಬಂದಳು. ಪೂರ್ತಿ ನಕ್ಕಿರಲಿಲ್ಲ, ಆದರೆ ಬಸ್ಸು ಹೊರಡುವಾಗ ಕಿಟಕಿಯಲ್ಲಿ ಕೈ ಚಾಚಿ, "ಆ ಪುಸ್ತಕ ತಾ ನಾಳಿಗಿ. ನಾ ಬರ್ತೇನಿ. ಅಜ್ಜಿ ಹತ್ರ ಮಾಮಿ ಇರ್ತಾಳ" ಎಂದಳು. ಜೇಬಾಗೆ ಅರ್ಧ ಅರ್ಥವಾಯಿತು. ಉಳಿದರ್ಧ ಬಸ್ಸಿನಲ್ಲಿ ಪಕ್ಕದವರನ್ನು ಕೇಳಿ ತಿಳಿದುಕೊಂಡಳು.

ಕರಾರು ಹೇಳಿದಷ್ಟು ಸುಲಭವಿರಲಿಲ್ಲ. ಕ್ಯಾಂಟೀನಿನ ಮುಂದೆ ಜೇಬಾ ಕನ್ನಡ ಮಾತಾಡಿದರೆ ಸುತ್ತ ಹುಡುಗರು ಸೇರುತ್ತಿದ್ದರು. "ನನ್ನ ಅಪ್ಪ ಬಂದಾಳ" ಎಂದ ದಿನವಂತೂ ಮೂರು ಬೆಂಚು ನಕ್ಕವು. ಆಮ್ರಪಾಲಿ ನಗದೆ "ಬಂದಾನ" ಎಂದಳು. ಜೇಬಾ "ಬಂದಾನ" ಎಂದು ಮುಂದಿನ ವಾಕ್ಯಕ್ಕೆ ಹೋದಳು. ಕಿವಿ ಕಾಯುತ್ತಿದ್ದವು, ಆದರೆ ಬಾಯಿ ನಿಲ್ಲುತ್ತಿರಲಿಲ್ಲ. ಬದ್ರೋದ್ದೀನನ ಅಂಗಡಿಯಲ್ಲೂ ಅಷ್ಟೇ. ಅವನು ರಾಗ ಎಳೆದರೆ, ಸರಿಯಾದದ್ದು ಯಾವುದು ಎಂದು ಕೇಳಿ, ಅದನ್ನು ಅಲ್ಲೇ ನಿಂತು ಹೇಳಿ, ಹಾಲು ತೆಗೆದುಕೊಂಡೇ ಬರುತ್ತಿದ್ದಳು.

ಡಿಸೆಂಬರಿನ ಮೊದಲ ವಾರ ಇಮ್ರಾನ ಇಬ್ಬರನ್ನೂ ರೈಲಿನಲ್ಲಿ ಪುಣೆಗೆ ಕರೆದುಕೊಂಡು ಹೋದ. ಕೇಳುವ ಭಾಗದಲ್ಲಿ ಧ್ವನಿ ಶುರುವಾದಾಗ ಜೇಬಾಗೆ ಆಶ್ಚರ್ಯವಾಯಿತು. ಗೋಡೆಯ ಆಚೆ ಯಾರೋ ಮಾತಾಡಿದಂತೆ ಕೇಳಿಸುತ್ತಿದ್ದ ಮಾತುಗಳು ಈಗ ಬೇವಿನ ಮರದ ಕೆಳಗೆ ಕೂತವರು ಆಡಿದಂತೆ ಕೇಳಿಸಿದವು. ಓದುವ ಭಾಗ ಮಾತ್ರ ಕಷ್ಟವಾಯಿತು. ಜಪಾನಿಯಲ್ಲಿ ಬಳಸುವ ಚೀನೀ ಅಕ್ಷರಗಳ ಎರಡು ಪುಟ ಮುಗಿಯುವ ಮೊದಲೇ ಹೊತ್ತು ಮುಗಿದುಹೋಯಿತು.

ಜನವರಿ ಕೊನೆಗೆ ಫಲಿತಾಂಶ ಬಂತು. ಆಮ್ರಪಾಲಿ ಪಾಸು. ಜೇಬಾ ಕೇಳುವುದರಲ್ಲಿ ತೆಗೆದ ಅಂಕ ಚೆನ್ನಾಗಿತ್ತು. ಆದರೆ ಒಟ್ಟಿನಲ್ಲಿ ಸ್ವಲ್ಪದರಲ್ಲೇ ಮತ್ತೆ ಫೇಲು. ಮಾಳಿಗೆಯ ಮೇಲೆ ಫೋನು ಹಿಡಿದು ಆ ಅಂಕಿಗಳನ್ನು ಮತ್ತೆ ಮತ್ತೆ ನೋಡುತ್ತ ನಿಂತಿದ್ದಾಗ ಭಾಲ್ಕಿಯಿಂದ ಕರೆ ಬಂತು.

"ಅಳ್ಲಾಕತ್ತಿ ಏನು?" ಎಂದಳು ಆಮ್ರಪಾಲಿ, ನೇರ ಕನ್ನಡದಲ್ಲಿ.

"ಇಲ್ಲ. ಸಿಟ್ಟು ಬಂದಾನ."

"ಬಂದದ."

"ಸಿಟ್ಟು ಬಂದದ. ಭಾಳ ಬಂದದ." ಜೇಬಾ ಮೂಗು ಒರೆಸಿಕೊಂಡಳು. "ಓದ್ಲಾಕ ಹೊತ್ತು ಸಾಲಲಿಲ್ಲ. ನಾ ಅಕ್ಷರ ಸಾವಕಾಶ ಓದ್ತೇನಿ."

"ಜುಲೈದಾಗ ಮತ್ತ ಪರೀಕ್ಷೆ ಅದ" ಎಂದಳು ಆಮ್ರಪಾಲಿ. "ನನಗೂ ನಾಲ್ಕನೇ ಹಂತಕ್ಕ ಹೆಸರು ಕೊಡಬೇಕು. ನೀ ಕೊಡ್ತಿ ಇಲ್ಲೋ?"

"ಕೊಡ್ತೇನಿ."

ಕೆಳಗೆ ಗಲ್ಲಿಯಲ್ಲಿ ಕೊಳಾರದಿಂದ ಬಂದ ಇಮ್ರಾನ ಗಾಡಿ ನಿಲ್ಲಿಸುತ್ತಿದ್ದ. ಜೇಬಾ ಫೋನನ್ನು ಕಿವಿಗೆ ಒತ್ತಿಕೊಂಡೇ ಮೆಟ್ಟಿಲು ಇಳಿಯತೊಡಗಿದಳು. ನಾಳೆಯಿಂದ ದಿನಕ್ಕಿಷ್ಟು ಹೊಸ ಅಕ್ಷರ, ಓದುವುದು ಗಡಿಯಾರ ಎದುರಿಟ್ಟುಕೊಂಡೇ, ಅದೂ ಗಟ್ಟಿಯಾಗಿ, ಎಂದು ಹೇಳುತ್ತಿದ್ದಳು. ಅರ್ಧ ಕನ್ನಡ, ಅರ್ಧ ಜಪಾನಿ. ಆಮ್ರಪಾಲಿ ಅತ್ತಲಿಂದ ಒಂದೊಂದು ಶಬ್ದ ತಿದ್ದುತ್ತ ಹೂಂಗುಟ್ಟುತ್ತಿದ್ದಳು.